ಶಿಸ್ತಿನ ಮನೆಯ ಸ್ವಚ್ಛಂದ ಜಟ್ಟಿಗಳು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ಹೋದರೆ, ಹಡ್ಸನ್ ನದಿ ಬಳುಕಿ ತಿರುಗುವಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಇದೆ. 1802ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಬೂಟಿನ ಹೊಳಪಿನಿಂದ ಹಿಡಿದು ಹಾಸಿಗೆಯ ಮಡಿಕೆಯವರೆಗೆ ಎಲ್ಲಕ್ಕೂ ನಿಯಮ. ತಪ್ಪಿದವರ ಹೆಸರಿಗೆ ಡಿಮೆರಿಟ್ ಎಂಬ ತಪ್ಪಂಕ ಬೀಳುತ್ತದೆ. ತಪ್ಪು ದೊಡ್ಡದಾದರೆ, ಬಿಡುವಿನ ವೇಳೆಯಲ್ಲಿ ಸಮವಸ್ತ್ರ ತೊಟ್ಟು, ಹೆಗಲ ಮೇಲೆ ಬಂದೂಕು ಹೊತ್ತು, ತುಟಿ ಬಿಚ್ಚದೆ ಅಂಗಳದಲ್ಲಿ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯಬೇಕು. ಹೀಗೆ ನೂರು ಗಂಟೆ ಪೂರೈಸಿದವನನ್ನು ಜೊತೆಯ ಕೆಡೆಟ್‌ಗಳು ‘ಸೆಂಚುರಿ ಮ್ಯಾನ್’ ಎಂದು ಕರೆಯುತ್ತಾರೆ. ಶಿಕ್ಷೆಯನ್ನೇ ಬಿರುದು ಮಾಡಿಕೊಳ್ಳುವ ಹುಡುಗಾಟ ಅಲ್ಲಿನ ಶಿಸ್ತಿನಷ್ಟೇ ಹಳೆಯದು.

ಜಾರ್ಜ್ ಕಸ್ಟರ್ ಇದಕ್ಕೆ ಹೆಸರಾಂತ ಉದಾಹರಣೆ. ಓದು ಮುಗಿಯುವಷ್ಟರಲ್ಲಿ ಅವನ ಲೆಕ್ಕದಲ್ಲಿ 726 ಡಿಮೆರಿಟ್‌ಗಳಿದ್ದವು. 1861ರಲ್ಲಿ 34 ಜನರ ತರಗತಿಯಲ್ಲಿ 34ನೆಯವನಾಗಿ ಹೊರಬಂದ ಆತ ಎರಡೇ ವರ್ಷದಲ್ಲಿ ಬ್ರಿಗೇಡಿಯರ್ ಜನರಲ್ ಆದ. ಕವಿ ಎಡ್ಗರ್ ಆ್ಯಲನ್ ಪೋ ಮಾತ್ರ ಓದು ಮುಗಿಸಲಿಲ್ಲ. ಕರ್ತವ್ಯಕ್ಕೆ ಚಕ್ಕರ್ ಹೊಡೆದು 1831ರಲ್ಲಿ ಕೋರ್ಟ್ ಮಾರ್ಷಲ್‌ಗೆ ಗುರಿಯಾಗಿ ಹೊರಬಿದ್ದ. ಅದೇ ವರ್ಷ ಬಂದ ಅವನ ಕವನ ಸಂಕಲನಕ್ಕೆ ಕೆಡೆಟ್‌ಗಳೇ ಚಂದಾ ಕೂಡಿಸಿಕೊಟ್ಟರು. ಪುಸ್ತಕ ಅವರಿಗೇ ಅರ್ಪಿತವಾಯಿತು.

ಇಂಥ ಬಿಸಿರಕ್ತದ ಹುಡುಗರಿಗೆ 1905ರಲ್ಲಿ ಒಬ್ಬ ಉಸ್ತಾದ ಸಿಕ್ಕ: ಟಾಮ್ ಜೆಂಕಿನ್ಸ್. ಉಕ್ಕಿನ ಕಾರ್ಖಾನೆಯ ಕೂಲಿಯಾಗಿದ್ದು ಅಮೆರಿಕದ ಹೆವಿವೇಟ್ ಚಾಂಪಿಯನ್ ಆದ ಒಕ್ಕಣ್ಣ ಪೈಲ್ವಾನ. ಫ್ರಾಂಕ್ ಗಾಚ್ ಎಂಬ ಜಗಜಟ್ಟಿಯ ಜೊತೆ ಪಟ್ಟಕ್ಕಾಗಿ ಮತ್ತೆ ಮತ್ತೆ ಸೆಣಸಿದವನು. ವೃತ್ತಿಯ ಅಖಾಡ ಬಿಟ್ಟ ಮೇಲೆ 1942ರವರೆಗೆ ವೆಸ್ಟ್ ಪಾಯಿಂಟ್‌ನಲ್ಲೇ ಕುಸ್ತಿ, ಬಾಕ್ಸಿಂಗ್ ಕಲಿಸಿದ. ಎರಡನೇ ಮಹಾಯುದ್ಧದ ಸೇನಾನಿಗಳಾದ ಪ್ಯಾಟನ್, ಐಸೆನ್‌ಹೋವರ್ ಕೆಡೆಟ್‌ಗಳಾಗಿದ್ದದ್ದು ಅವನ ಕಾಲದಲ್ಲೇ.

ಅಮೆರಿಕದ ಕಾಲೇಜು ಕುಸ್ತಿಗೆ ನಮ್ಮ ಗರಡಿಯ ಮಟ್ಟಿಯಿಲ್ಲ, ಮ್ಯಾಟ್ ಇದೆ. ಈಗಿನ ನಿಯಮದಂತೆ ಮೂರು, ಎರಡು, ಎರಡು ನಿಮಿಷಗಳ ಮೂರು ಸುತ್ತು. ಎದುರಾಳಿಯ ಎರಡೂ ಭುಜ ಮ್ಯಾಟಿಗೆ ಒತ್ತಿ ಚಿತ್ ಮಾಡಿದರೆ ಪಂದ್ಯ ಮುಗಿಯಿತು. ಹಾಗಾಗದಿದ್ದರೆ ಅಂಕಗಳ ಲೆಕ್ಕ. ಎದುರಾಳಿಯನ್ನು ಕೆಳಗೆ ಹಿಡಿದಿಟ್ಟ ಕಾಲಕ್ಕೂ ಅಲ್ಲಿ ಬೆಲೆಯಿದೆ. ಕೆಡವಿದರಷ್ಟೇ ಸಾಲದು, ಹಿಡಿತ ಬಿಡಬಾರದು.

ಆ ಮ್ಯಾಟಿನ ಮೇಲೆ ಪಳಗಿದವರಲ್ಲಿ ಒಬ್ಬರು ನಾರ್ಮನ್ ಶ್ವಾರ್ಜ್‌ಕಾಫ್. 1956ರಲ್ಲಿ 480 ಜನರಲ್ಲಿ 43ನೆಯವರಾಗಿ ತೇರ್ಗಡೆಯಾದ ಈ ಭಾರಿ ಆಳು ಕುಸ್ತಿಯಾಡುತ್ತಲೇ ಅಕಾಡೆಮಿಯ ಚಾಪೆಲ್‌ನ ಗಾಯಕವೃಂದವನ್ನೂ ನಡೆಸಿದರು. ಅವರಿಗೆ ಆಪೆರಾ ಸಂಗೀತವೆಂದರೆ ಪ್ರಾಣ, ಜಾದೂ ಹವ್ಯಾಸ. ಮುಂದೆ ವೆಸ್ಟ್ ಪಾಯಿಂಟ್‌ನಲ್ಲೇ ಪಾಠ ಹೇಳುವ ಕೆಲಸ ಸಿಕ್ಕಾಗ, ಒಂದೇ ವರ್ಷದಲ್ಲಿ ತಾವಾಗಿ ಕೇಳಿಕೊಂಡು ವಿಯೆಟ್ನಾಂ ಯುದ್ಧಕ್ಕೆ ಹೊರಟರು. 1970ರಲ್ಲಿ ಅಲ್ಲಿ ನೆಲಬಾಂಬಿನ ಹೊಲದಲ್ಲಿ ಗಾಯಗೊಂಡು ಒದ್ದಾಡುತ್ತಿದ್ದ ಸೈನಿಕನನ್ನು ಅಲುಗಾಡದಂತೆ ಹಿಡಿಯಲು ತಾವೇ ಒಳಗೆ ನಡೆದುಹೋದರು. 1991ರ ಕೊಲ್ಲಿ ಯುದ್ಧದ ಸೇನಾಪತಿಯೆಂದು ಜಗತ್ತಿಗೆ ಪರಿಚಿತರಾದ ಅವರು 2012ರಲ್ಲಿ ತೀರಿಕೊಂಡರು. ಸಮಾಧಿ ಇರುವುದು ವೆಸ್ಟ್ ಪಾಯಿಂಟ್‌ನಲ್ಲಿ.

ಸತ್ತವರನ್ನು ನೆನೆಯುವುದಕ್ಕೂ ಇಲ್ಲಿ ಒಂದು ಪದ್ಧತಿಯಿದೆ. 1833ರ ಪದವೀಧರ ಜಾರ್ಜ್ ಕಲಮ್, ಹೊರಬಂದ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ ಕೊಟ್ಟು ಜೀವನ ವಿವರಗಳ ದೊಡ್ಡ ಕೋಶ ಕಟ್ಟಿದ. ಮೊದಲ ಪದವೀಧರ ಜೋಸೆಫ್ ಸ್ವಿಫ್ಟ್ ಅದರಲ್ಲಿ 1. ಮುಂದೆ ಅಧ್ಯಕ್ಷನಾದ ಯುಲಿಸಿಸ್ ಗ್ರ್ಯಾಂಟ್ 1187. ಅಮೆರಿಕದ ಅಂತರ್ಯುದ್ಧದಲ್ಲಿ ಒಂದೇ ತರಗತಿಯ ಗೆಳೆಯರು ಎರಡು ಪಾಳಯಗಳಲ್ಲಿ ನಿಂತು ಕಾದಾಡಿದ್ದರು. ಆ ಗಾಯ ಮಾಯಿಸಲೆಂದು 1869ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿತು. ತೀರಿಕೊಂಡ ಸದಸ್ಯರ ಬಗ್ಗೆ ಬರೆದಿಡುವ ಸಂಪ್ರದಾಯವನ್ನು ಬೆಳೆಸಿದ್ದು ಅದೇ ಸಂಘ.

ಈ ನೆನಪಿನ ಲೇಖನಗಳನ್ನು ಬರೆಯುವವರು ಹೆಚ್ಚಾಗಿ ಸಹಪಾಠಿಗಳು, ಮನೆಯವರು. ಆದ್ದರಿಂದಲೇ ಪದಕ, ಹುದ್ದೆಗಳ ಪಕ್ಕದಲ್ಲಿ ಅಡ್ಡಹೆಸರಿಗೂ ಹಾಸ್ಟೆಲಿನ ಕಿತಾಪತಿಗೂ ಕುಸ್ತಿಯ ಪಟ್ಟಿಗೂ ಜಾಗ ಸಿಗುತ್ತದೆ. ಸೇನಾಪತಿಯಾಗದವನಿಗೂ ಅಲ್ಲಿ ಪುಟವಿದೆ. ಒಂದೇ ಅಚ್ಚಿನ ಅಧಿಕಾರಿಗಳನ್ನು ತಯಾರಿಸಲು ಹೊರಟ ಸಂಸ್ಥೆ, ಅಚ್ಚಿಗೆ ಕೂರದವರನ್ನೂ ಹೀಗೆ ತನ್ನವರೆಂದು ಬರೆದಿಟ್ಟುಕೊಂಡಿದೆ. ಅದರ ದೊಡ್ಡತನ ಗೆದ್ದ ಯುದ್ಧಗಳಿಗಿಂತ ಇಲ್ಲಿಯೇ ಹೆಚ್ಚು ಕಾಣುತ್ತದೆ.