ಪುಸ್ತಕದ ಮೇಲೆ ಹೆಸರಿಲ್ಲದವರು

ಮಕ್ಕಳ ಚಿತ್ರಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಹೊದಿಕೆಯ ಮೇಲೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಒಂದು ಕಥೆ ಬರೆದವರದು, ಇನ್ನೊಂದು ಚಿತ್ರ ಬರೆದವರದು. ಕೆಳಗೆ ಸಣ್ಣಕ್ಷರದಲ್ಲಿ ಪ್ರಕಾಶಕರ ಹೆಸರು. ಇವರಲ್ಲದೆ ಆ ಪುಸ್ತಕಕ್ಕಾಗಿ ದುಡಿದ ಮತ್ತೊಬ್ಬರಿರುವುದುಂಟು. ಅವರ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ. ಬರೆಯುವವರನ್ನೂ ಚಿತ್ರಕಾರರನ್ನೂ ಹುಡುಕಿ ಒಂದೆಡೆ ಕೂಡಿಸಿದವರು, ಕೂಡಲು ಒಂದು ಕೋಣೆ ಗೊತ್ತುಮಾಡಿದವರು, ಮನಸ್ಸು ಮುರಿದು ಕುಳಿತ ಹೊಸಬರಿಗೆ ಎರಡು ಸಾಲು ಕಾಗದ ಬರೆದವರು. ಸಂಘ ನಡೆಸಿ ಬಲ್ಲ ನಮ್ಮ ವಾಚಕರಿಗೆ ಇಂಥವರ ಪರಿಚಯ ಹೊಸದಾಗಿ ಮಾಡಿಕೊಡಬೇಕಾದ್ದಿಲ್ಲ. ರಾಜ್ಯೋತ್ಸವದ ಮರುದಿನ ಬೆಳಗ್ಗೆ ಬಾಡಿಗೆಯ ಜಮಖಾನಗಳನ್ನು ಎಣಿಸಿ ಹಿಂದಿರುಗಿಸಲು ಹೋಗುವವರು ಯಾರೋ, ಅವರ ಜಾತಿಯವರೇ ಇವರು. ಇವರ ಕೆಲಸ ಎಂಥದು, ಅದಕ್ಕೂ ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಏನು ನಂಟು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

1971ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಸ್ಟೀಫನ್ ಮೂಸರ್ ಮತ್ತು ಲಿನ್ ಆಲಿವರ್ ಎಂಬ ಇಬ್ಬರು ಎಳೆಯ ಲೇಖಕರು ಮಕ್ಕಳಿಗಾಗಿ ಬರೆಯುವ ಉದ್ಯೋಗಕ್ಕೆ ಕೈಹಾಕಿದರು. ಅನುಭವಸ್ಥರ ಸಲಹೆ ಕೇಳೋಣವೆಂದು ಅಂಥವರ ಸಂಘವೊಂದನ್ನು ಹುಡುಕಿದರೆ ಸಂಘವೇ ಇರಲಿಲ್ಲ. ಇಲ್ಲದ ಮೇಲೆ ನಾವೇ ಕಟ್ಟಬೇಕಾಯಿತಲ್ಲ ಎಂದುಕೊಂಡು ಕಟ್ಟಿದರು. ಇಂದು ಎಸ್‌ಸಿಬಿಡಬ್ಲ್ಯುಐ ಎಂಬ ಉದ್ದನೆಯ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ‘ಮಕ್ಕಳ ಪುಸ್ತಕಗಳ ಲೇಖಕರ ಹಾಗೂ ಚಿತ್ರಕಾರರ ಸಂಘ’ ಹುಟ್ಟಿದ್ದು ಹೀಗೆ. 1973ರಿಂದ ಅದು ‘ಚಿನ್ನದ ಗಾಳಿಪಟ’ವೆಂಬ ಬಹುಮಾನವನ್ನು ಕೊಡುತ್ತ ಬಂದಿದೆ. ಸದಸ್ಯರ ಸಂಖ್ಯೆ 20,000ವನ್ನು ಮೀರಿದೆ. ಶಾಖೆಗಳು ಹಲವು ದೇಶಗಳಲ್ಲಿವೆ, ಭಾರತದಲ್ಲಿಯೂ ಉಂಟು. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಮೊದಲು ಆ ಸಂಘದ ಹೆಸರಿನಲ್ಲಿ ಲೇಖಕರು ಮಾತ್ರವೇ ಇದ್ದರು. ಚಿತ್ರಕಾರರ ಅಕ್ಷರ ಅದರ ಬಾಲಕ್ಕೆ ಸೇರಿದ್ದು 1990ರ ದಶಕದಲ್ಲಿ. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ತಿಳಿದವರ ನಡುವೆಯೇ, ಕುಂಚ ಹಿಡಿದವರಿಗೆ ಲೇಖನಿ ಹಿಡಿದವರ ಪಕ್ಕದಲ್ಲಿ ಕುರ್ಚಿ ಹಾಕಲು ಎರಡು ದಶಕ ಬೇಕಾಯಿತು!

ಕೇಂದ್ರದ ಕಚೇರಿಯಲ್ಲಿ ಸಂಬಳದವರಿದ್ದಾರೆ, ನಿಜ. ಆದರೆ ಊರೂರಿನ ಶಾಖೆಗಳು ನಡೆಯುವುದು ಸಂಬಳವಿಲ್ಲದವರಿಂದ. ಪ್ರತಿ ಶಾಖೆಗೂ ಒಬ್ಬಿಬ್ಬರು ಪ್ರಾಂತ ಸಲಹೆಗಾರರು, ಚಿತ್ರಕಾರರ ಯೋಗಕ್ಷೇಮ ನೋಡಲು ಬೇರೊಬ್ಬರು, ಲೆಕ್ಕಪತ್ರಕ್ಕೆ, ಸುದ್ದಿಪತ್ರಕ್ಕೆ ಯಾರಾದರೂ ಸಿಕ್ಕಿದರೆ ಅವರೂ. ಇವರೆಲ್ಲ ತಾವೂ ಬರೆಯುವವರೇ, ಚಿತ್ರ ತೆಗೆಯುವವರೇ. ಹಗಲು ಹೊಟ್ಟೆಪಾಡಿನ ಬೇರೆ ಕೆಲಸ ಇರುವವರೂ ಇವರಲ್ಲಿದ್ದಾರೆ. ಸಂಪಾದಕರೊಬ್ಬರನ್ನು ದೂರದ ನಗರದಿಂದ ಉಪನ್ಯಾಸಕ್ಕೆ ಕರೆಸುವುದು, ಅವರ ಪ್ರಯಾಣದ ಖರ್ಚು ಹೊಂದಿಸುವುದು, ಚಿತ್ರಗಳನ್ನು ಹರಡಿ ತೋರಿಸಲು ಉದ್ದನೆಯ ಮೇಜು ಸಿಗುವ ಸಭಾಂಗಣ ಹುಡುಕುವುದು, ಬಂದ ಹಸ್ತಪ್ರತಿಗಳನ್ನು ಓದುವವರಿಗೆ ಹಂಚುವುದು, ಕೊನೆಗೆ ಎಲ್ಲರೂ ಹೋದ ಮೇಲೆ ದೀಪ ಆರಿಸಿ ಬಾಗಿಲು ಹಾಕುವುದು. ಚಹಾ ಕುಡಿದು ಬಟ್ಟಲನ್ನು ಕುರ್ಚಿಯ ಕೆಳಗೇ ಬಿಟ್ಟುಹೋಗುವ ಸದಸ್ಯರು ಅಲ್ಲಿಯೂ ಇದ್ದಾರೆಂದು ನಾವು ಧೈರ್ಯವಾಗಿ ಊಹಿಸಬಹುದು.

ಇಷ್ಟು ಶ್ರಮದಿಂದ ಆಗುವ ಲಾಭವೇನು? ಮಕ್ಕಳ ಪುಸ್ತಕ ಚಿಕ್ಕದು, ಆದ್ದರಿಂದ ಸುಲಭ ಎಂಬ ಭ್ರಮೆ ಎಲ್ಲ ದೇಶಗಳಲ್ಲಿಯೂ ಇದೆ. ಹೊಸಬರಿಗೆ ಶಾಖೆಯಲ್ಲಿ ಮೊದಲು ತಿಳಿಯುವುದು ಪುಟದ ಲೆಕ್ಕ. ಅಚ್ಚಿನ ದೊಡ್ಡ ಹಾಳೆಯನ್ನು ನಾಲ್ಕು ಸಲ ಮಡಿಸಿದರೆ 16 ಎಲೆ, ಅಂದರೆ 32 ಪುಟ. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟದವು ಆಗಿರುವುದು ಈ ಕಾರಣದಿಂದಲೇ ಹೊರತು ಯಾವ ಶಿಕ್ಷಣತಜ್ಞರ ಅಪ್ಪಣೆಯಿಂದಲೂ ಅಲ್ಲ. ಶೀರ್ಷಿಕೆ, ಪ್ರಕಾಶಕರ ವಿವರ, ಅರ್ಪಣೆ ಇವುಗಳಿಗೆ ನಾಲ್ಕಾರು ಪುಟ ಹೋದರೆ ಉಳಿದುದರಲ್ಲಿ ಕಥೆ ಮುಗಿಯಬೇಕು. ಮಗು ಪುಟ ತಿರುವುವ ಕಡೆಯಲ್ಲಿಯೇ ಕುತೂಹಲ ನಿಲ್ಲಬೇಕು. “ಕೆಂಪು ಅಂಗಿಯ ಹುಡುಗ ಎತ್ತರದ ಮರ ಹತ್ತಿದ” ಎಂದು ಬರೆದರೆ ಕೆಂಪನ್ನೂ ಎತ್ತರವನ್ನೂ ಚಿತ್ರವೇ ಹೇಳುವುದರಿಂದ ಆ ಎರಡು ಮಾತು ದಂಡ. ಇವೆಲ್ಲ ಪಾಠದ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಾಳೆ ಮಡಿಸಿ ದಾರ ಹೊಲಿದು ಬಿಳಿಯ ಮಾದರಿ ಪುಸ್ತಕ ಮಾಡಿ, ನಾಲ್ಕು ಜನರ ಮುಂದೆ ತಿರುವಿದಾಗ ಬರುವುದು.

ಎರಡನೆಯ ಪಾಠ ಇನ್ನೂ ಕಹಿ. ಕಥೆ ಬರೆದವರು ಪರಿಚಯದ ಚಿತ್ರಕಾರರೊಬ್ಬರಿಗೆ ಹಣ ಕೊಟ್ಟು ಎಲ್ಲ ಚಿತ್ರಗಳನ್ನೂ ಬರೆಸಿ ಪ್ರಕಾಶಕರಿಗೆ ಕಳುಹಿಸುತ್ತಾರೆ. ಅಮೆರಿಕ, ಇಂಗ್ಲೆಂಡುಗಳ ಪ್ರಕಾಶಕರಾದರೋ ಚಿತ್ರಕಾರರನ್ನು ತಾವೇ ಆರಿಸುವ ಪದ್ಧತಿಯವರು. ಕಥೆಗಾರರಿಗೂ ಚಿತ್ರಕಾರರಿಗೂ ಪುಸ್ತಕ ಮುಗಿಯುವವರೆಗೆ ಮುಖಪರಿಚಯವೇ ಆಗದಿರುವುದೂ ಉಂಟು. ಈ ಒಂದು ಮಾತನ್ನು ಹೊತ್ತಿಗೆ ಸರಿಯಾಗಿ ಹೇಳಿ ಎಷ್ಟೋ ಜನರ ಉಳಿತಾಯದ ಹಣವನ್ನು ಕಾಪಾಡಿದವರು ಈ ಶಾಖೆಗಳ ಸ್ವಯಂಸೇವಕರು.

ಇವೆಲ್ಲಕ್ಕಿಂತ ಮುಖ್ಯವಾದುದು ಪರಸ್ಪರ ವಿಮರ್ಶೆಯ ಸಣ್ಣ ಕೂಟಗಳು. ನಾಲ್ಕೈದು ಜನ ಸೇರುವುದು, ಒಬ್ಬರ ಹಸ್ತಪ್ರತಿಯನ್ನು ಉಳಿದವರು ಮುಂಚೆಯೇ ಓದಿ ಬರುವುದು, ಬರೆದವರು ಬಾಯಿಬಿಡದೆ ಕೇಳುವುದು. “ನಮ್ಮ ಮನೆಯ ಮಕ್ಕಳಿಗೆ ಬಹಳ ಹಿಡಿಸಿತು” ಎಂಬ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಅಮ್ಮ ಓದಿದ್ದೆಲ್ಲ ಮಕ್ಕಳಿಗೆ ಹಿಡಿಸುತ್ತದೆ. ನಮ್ಮ ಕವಿಗೋಷ್ಠಿಗಳಲ್ಲಿ “ವಾಹ್” ಎನ್ನುವುದೂ, ಹೊರಗೆ ಬಂದು ಬೇರೆ ಹೇಳುವುದೂ ರೂಢಿಯಾಗಿರುವುದರಿಂದ ಈ ಪದ್ಧತಿ ನಮಗೆ ಮೊದಮೊದಲು ಕಠಿಣವೆನಿಸೀತು. ಆದರೂ ಕಲಿಯತಕ್ಕದ್ದು.

ಇಂಗ್ಲೆಂಡಿನ ಶಾಖೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಕಟವಾಗದ ಲೇಖಕರ ಕಾದಂಬರಿಗಳ ಮೊದಲ ಭಾಗಗಳನ್ನು ಸ್ಪರ್ಧೆಯಿಂದ ಆರಿಸಿ, ಒಂದು ಚಿಕ್ಕ ಸಂಕಲನವಾಗಿ ಅಚ್ಚುಹಾಕಿಸಿ, ಸಂಪಾದಕರಿಗೂ ಲೇಖಕರ ಪ್ರತಿನಿಧಿಗಳಿಗೂ ಪುಕ್ಕಟೆಯಾಗಿ ಹಂಚಿದರು. ‘ಇನ್ನೂ ಕಾಣದ ಕಂಠಗಳು’ ಎಂಬರ್ಥದ ಹೆಸರಿನ ಈ ಸಂಕಲನ ಮೊದಲು ಹೊರಬಂದುದು 2008ರಲ್ಲಿ. ಅದನ್ನು ಯೋಚಿಸಿ ನಡೆಸಿದವರು ಶಾಖೆಯ ಸ್ವಯಂಸೇವಕಿಯರು. ಆ ಮೊದಲ ಸಂಕಲನದಲ್ಲಿ ಇದ್ದವರಲ್ಲಿ ಕ್ಯಾಂಡಿ ಗೌರ್ಲೆ ಎಂಬಾಕೆ ಒಬ್ಬರು. ಫಿಲಿಪೀನ್ಸ್ ದೇಶದಲ್ಲಿ ಹುಟ್ಟಿ, ಅಲ್ಲಿ ಪತ್ರಕರ್ತೆಯಾಗಿದ್ದು, ಮದುವೆಯಾಗಿ ಲಂಡನ್ನಿಗೆ ಬಂದು ನೆಲೆಸಿದವರು. ವರ್ಷಗಟ್ಟಲೆ ಪ್ರಕಾಶಕರಿಂದ ‘ಬೇಡ’ ಎಂಬ ಉತ್ತರವನ್ನೇ ಪಡೆದಿದ್ದ ಇವರ ಮೊದಲ ಕಾದಂಬರಿ 2010ರಲ್ಲಿ ಬೆಳಕು ಕಂಡಿತು. ಅದರ ಕಥೆ, ಫಿಲಿಪೀನ್ಸಿನಿಂದ ಲಂಡನ್ನಿನ ತಂಗಿಯ ಮನೆಗೆ ಬರುವ, ಎಂಟು ಅಡಿ ಎತ್ತರ ಬೆಳೆದ ಹುಡುಗನದು. ಊರಿನಲ್ಲಿಯೇ ಉಳಿದವರು ಈ ಕಥೆಯನ್ನು ಬರೆಯುತ್ತಿರಲಿಲ್ಲ, ಲಂಡನ್ನಿನಲ್ಲಿಯೇ ಹುಟ್ಟಿದವರೂ ಬರೆಯುತ್ತಿರಲಿಲ್ಲ. ಎರಡು ಊರಿನ ನಡುವೆ ಬದುಕಿದವರೇ ಬರೆಯಬೇಕಾಗಿತ್ತು.

ಇದಕ್ಕೆ ತೆರುವ ಬೆಲೆಯನ್ನೂ ಹೇಳದಿದ್ದರೆ ಚಿತ್ರ ಅರ್ಧವಾದೀತು. ಸಂಜೆಯ ಎರಡು ಗಂಟೆ ಬಿಡುವು ಸಿಕ್ಕಿದರೆ ಸ್ವಯಂಸೇವಕರಾದವರು ಅದರಲ್ಲಿ ತಮ್ಮ ಕಥೆಯನ್ನು ಬರೆಯಬಹುದು, ಇಲ್ಲವೆ ಇತರರ ಪತ್ರಗಳಿಗೆ ಉತ್ತರ ಬರೆಯಬಹುದು, ಎರಡೂ ಆಗದು. ಹತ್ತು ಮಂದಿಯ ಪುಸ್ತಕ ಹೊರಬರುವಾಗ ತಮ್ಮದು ಮೇಜಿನ ಸೆಳೆಖಾನೆಯಲ್ಲಿ ಮಲಗಿರುತ್ತದೆ. ಹೀಗೆ ಬತ್ತಿಹೋದವರು ಎಲ್ಲ ಸಂಘಗಳಲ್ಲಿಯೂ ಇದ್ದಾರೆ. ಒಬ್ಬರ ಮೇಲೆಯೇ ಹೊರಿಸದೆ ಇಬ್ಬರಿಗೆ ಹಂಚುವುದು, ಕೆಲವು ವರ್ಷಗಳಾದ ಮೇಲೆ ಅವರನ್ನು ಒತ್ತಾಯಿಸಿಯಾದರೂ ಬಿಡುಗಡೆ ಮಾಡುವುದು ಶಾಖೆ ಬದುಕುವ ದಾರಿ. ‘ಅವರಿದ್ದಾರಲ್ಲ, ನೋಡಿಕೊಳ್ಳುತ್ತಾರೆ’ ಎಂಬುದು ಹೊಗಳಿಕೆಯಂತೆ ಕೇಳಿಸುವ ಶಿಕ್ಷೆ.

ನಮ್ಮ ದೇಶದಲ್ಲಿ ಇಂಥ ಕೂಟ ಇಲ್ಲವೆಂದಲ್ಲ. ದೆಹಲಿಯಲ್ಲಿರುವ ವಾಚಕರಿಗೆ ಬಹಾದೂರ್ ಷಾ ಜಫರ್ ಮಾರ್ಗದ ನೆಹರೂ ಹೌಸ್ ಗೊತ್ತು; ಮಕ್ಕಳನ್ನು ಗೊಂಬೆಗಳ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗದವರು ಕಡಮೆ. ಅದನ್ನು ಕಟ್ಟಿದ ವ್ಯಂಗ್ಯಚಿತ್ರಕಾರ ಶಂಕರ್ ಕೇರಳದ ಕಾಯಂಕುಳದವರು, ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟನ್ನು ಸ್ಥಾಪಿಸಿದ ಅವರು, 1981ರಲ್ಲಿ ಮಕ್ಕಳ ಲೇಖಕರನ್ನೂ ಚಿತ್ರಕಾರರನ್ನೂ ಒಂದೇ ಸಂಘವಾಗಿ ಕೂಡಿಸಿದರು. ಇಲ್ಲಿ ಚಿತ್ರಕಾರರು ಮೊದಲ ದಿನದಿಂದಲೇ ಹೆಸರಿನಲ್ಲಿದ್ದರೆಂಬುದನ್ನು ನೋಡಿ. ಕಟ್ಟಿದವರೇ ಚಿತ್ರಕಾರರಾಗಿದ್ದರ ಫಲವಿರಬೇಕು. ಅಂತರರಾಷ್ಟ್ರೀಯ ಬಾಲಪುಸ್ತಕ ಮಂಡಲಿಗೆ ಈ ಸಂಘವೇ ಭಾರತದ ಶಾಖೆಯಾಯಿತು. ಮನೋರಮಾ ಜಫಾ ಅವರು ಇದರ ಕಾರ್ಯದರ್ಶಿಯಾಗಿ ದೀರ್ಘಕಾಲ ದುಡಿದರು. 2014ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಸಂಘದವರು ಬರೆಯುವುದರಲ್ಲಿಗೇ ನಿಲ್ಲದೆ ಮನೆಮನೆಯ ವಾಚನಾಲಯಗಳ ಏರ್ಪಾಡನ್ನೂ ಮಾಡಿದರು. ಒಂದು ಬೀದಿಯ ಒಬ್ಬರ ಮನೆಯಲ್ಲಿ ಪುಸ್ತಕಗಳಿರುವುದು, ನೆರೆಹೊರೆಯ ಮಕ್ಕಳು ಬಂದು ಒಯ್ದು ಓದಿ ತಂದುಕೊಡುವುದು, ಬಾಗಿಲು ತೆರೆದವರಿಗೆ ಕೂಲಿಯೇನೂ ಇಲ್ಲ. 1991ರಲ್ಲಿ ಈ ಕೆಲಸಕ್ಕೆ ಜಪಾನಿನ ಅಸಾಹಿ ಪತ್ರಿಕೆಯ ಹೆಸರಿನ ಅಂತರರಾಷ್ಟ್ರೀಯ ಬಹುಮಾನ ಸಂದಿತು.

ಕನ್ನಡಕ್ಕಾದರೂ ಈ ಸಂಪ್ರದಾಯ ಹೊಸದಲ್ಲ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಶಾಲಾ ಇಲಾಖೆಯ ಕೆಲಸ ಮಾಡಿಕೊಂಡೇ ಸಂಗಡಿಗರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗೆಂದು ಪುಸ್ತಕ ಹೊರತಂದವರು. ಇನ್ನೊಂದು ವಿಶೇಷವನ್ನು ನಾವು ಅಷ್ಟಾಗಿ ಲಕ್ಷಿಸಿಲ್ಲ. ಕನ್ನಡ ಮಕ್ಕಳು ಓದಿ ಬೆಳೆದ ಎಷ್ಟೋ ಪುಟಗಳು ಸಿದ್ಧವಾದದ್ದು ನಾವಿರುವ ಈ ಹೊರಗಿನ ಊರುಗಳಲ್ಲಿಯೇ. ‘ಚಂದಮಾಮ’ 1949ರಿಂದ ಕನ್ನಡದಲ್ಲಿ ಬಂದದ್ದು ಮದರಾಸಿನಿಂದ. ಅದರ ಹೊದಿಕೆಗೆ ಮಹಾಭಾರತದ ವರ್ಣಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು. 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ಮುಂಬಯಿಯಿಂದ ಹೊರಡಿಸಿದ ಅನಂತ ಪೈ ಕಾರ್ಕಳದವರು. ಮಕ್ಕಳ ಕವಿ ಜಿ. ಪಿ. ರಾಜರತ್ನಂ ಅವರು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತದ್ದು 1978ರಲ್ಲಿ, ದೆಹಲಿಯಲ್ಲಿ.

ಇಂದು ಪುಸ್ತಕಗಳಿಗೆ ಬರವಿಲ್ಲ. ಚೆನ್ನೈಯ ‘ತೂಲಿಕಾ’ ಪ್ರಕಾಶನದವರು ಕನ್ನಡದಲ್ಲಿಯೂ ಒಳ್ಳೆಯ ಚಿತ್ರಪುಸ್ತಕಗಳನ್ನು ತರುತ್ತಿದ್ದಾರೆ. ಬೆಂಗಳೂರಿನ ‘ಪ್ರಥಮ್ ಬುಕ್ಸ್’ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಭಂಡಾರದಲ್ಲಿ ಕಥೆಗಳನ್ನು ಕಾಸಿಲ್ಲದೆ ಓದಬಹುದು, ಯಾರು ಬೇಕಾದರೂ ಅನುವಾದಿಸಬಹುದು. ಆದರೂ ನಮ್ಮ ಒಂದು ಕೊರತೆ ನೀಗಿಲ್ಲ. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಬೆಳೆದ ಹತ್ತು ವರ್ಷದ ಹುಡುಗಿಯನ್ನು ನೆನೆಯಿರಿ. ಮನೆಯಲ್ಲಿ ಕನ್ನಡ ಸರಾಗವಾಗಿ ಆಡುತ್ತಾಳೆ. ಭಾನುವಾರದ ತರಗತಿಯಲ್ಲಿ ಕಲಿತ ಅಕ್ಷರ ಮಾತ್ರ ಒಂದನೆಯ ತರಗತಿಯ ಮಟ್ಟದ್ದು. ಒತ್ತಕ್ಷರ ಬಂದರೆ ಎಡವುತ್ತಾಳೆ. ಅವಳು ಓದಬಲ್ಲ ಪುಸ್ತಕ ಕಾಗೆ ಗುಬ್ಬಿಯದು, ಅದು ಅವಳಿಗೆ ಅವಮಾನ. ಅವಳ ವಯಸ್ಸಿನ ಪುಸ್ತಕವನ್ನು ಓದಲಾರಳು. ಅವಳಿಗೆ ಬೇಕಾದದ್ದು ಚಿಕ್ಕ ವಾಕ್ಯ, ಕೆಲವೇ ಒತ್ತಕ್ಷರ, ತುಂಬ ಚಿತ್ರ, ಮತ್ತು ಹತ್ತು ವರ್ಷದವಳ ಮನಸ್ಸಿಗೆ ಒಗ್ಗುವ ಕಥೆ. ರಜೆಗೆ ಹುಬ್ಬಳ್ಳಿಗೆ ಹೋದಾಗ ಸೋದರತ್ತೆಯ ಮಕ್ಕಳು ಅವಳ ಕನ್ನಡವನ್ನು ಆಡಿಕೊಂಡು ನಕ್ಕದ್ದು, ಮಹಡಿಯ ನಾಲ್ಕು ಮನೆಗಳಲ್ಲಿ ನಾಲ್ಕು ಭಾಷೆ ಇರುವುದು, ಅಜ್ಜನ ಕಾಗದ ಓದಲು ಅಪ್ಪ ಬರುವವರೆಗೆ ಕಾಯಬೇಕಾದದ್ದು. ಇದನ್ನು ಬೆಂಗಳೂರಿನವರು ಬರೆದುಕೊಡಲಿ ಎಂದು ಕಾಯುವುದು ನ್ಯಾಯವೂ ಅಲ್ಲ, ಫಲವೂ ಇಲ್ಲ.

ಬರೆಯಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಈ ತ್ರೈಮಾಸಿಕದ ಪುಟಗಳೇ ಸಾಕ್ಷಿ. ಚಿತ್ರ ತೆಗೆಯಬಲ್ಲವರೂ ಇದ್ದಾರೆ. ನಾಟಕದ ಪರದೆ ಬರೆದವರು, ಜಾಹೀರಾತು ಕಚೇರಿಯಲ್ಲಿ ಹಗಲೆಲ್ಲ ಗೆರೆ ಎಳೆಯುವವರು, ಹಬ್ಬದ ದಿನ ಸಂಘದ ಅಂಗಳದಲ್ಲಿ ರಂಗೋಲಿ ಹಾಕಿ ಎಲ್ಲರನ್ನೂ ಬೆರಗುಗೊಳಿಸುವ ಸೊಸೆಯಂದಿರು. ಇಬ್ಬರೂ ಒಂದೇ ಸಭೆಗೆ ಬರುತ್ತಾರೆ, ಬೇರೆಬೇರೆ ಸಾಲಿನಲ್ಲಿ ಕುಳಿತು ಎದ್ದುಹೋಗುತ್ತಾರೆ. ಮಕ್ಕಳ ತರಗತಿ ಮುಗಿದ ಮೇಲೆ ಅದೇ ಕೋಣೆ ಎರಡು ಗಂಟೆ ಖಾಲಿಯಿರುತ್ತದೆ. ಬೀಗದ ಕೈಯನ್ನು ಆ ಎರಡು ಗಂಟೆ ತಮ್ಮಲ್ಲಿ ಇಟ್ಟುಕೊಳ್ಳಲು ಒಪ್ಪುವವರು ಒಬ್ಬರಲ್ಲ, ಇಬ್ಬರು ಬೇಕಾಗಿದ್ದಾರೆ.