ಮುನ್ನಾರಿನ ಚಳಿಗೆ ಒಂದು ಜೊತೆ ಬೂಟು

ಕೊಚ್ಚಿಯಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಚಳಿಯೆಂಬುದು ಊರಿಗೆ ಹೋದಾಗ ಮಾತ್ರ ಭೇಟಿಯಾಗುವ ಹಳೆಯ ನೆಂಟ. ಇಲ್ಲಿ ಧನುರ್ಮಾಸ ಬಂದರೂ ಫ್ಯಾನು ತಿರುಗುತ್ತಲೇ ಇರುತ್ತದೆ. ಬೆಳಗಿನ ಜಾವ ಒಂದು ಹೊದಿಕೆ ಎಳೆದುಕೊಂಡರೆ ನಮ್ಮ ಮಾಗಿ ಮುಗಿಯಿತು. ಸ್ವೆಟರುಗಳು ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ಜೊತೆ ಮಲಗಿರುತ್ತವೆ. ಕಾಲಿಗಂತೂ ವರ್ಷವಿಡೀ ರಬ್ಬರಿನ ಹವಾಯಿ ಚಪ್ಪಲಿ. ಮಳೆಗೆ ನೆನೆದರೂ ಕೆಡದ, ಬಾಗಿಲಲ್ಲಿ ಬಿಟ್ಟು ಒಳಗೆ ಬರಲು ಅನುಕೂಲವಾದ ಆ ಚಪ್ಪಲಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಅದನ್ನೋ, ಅದಕ್ಕಿಂತ ಕೊಂಚ ಮೇಲಾದ ಬಟ್ಟೆಯ ಶೂವನ್ನೋ ಮೆಟ್ಟಿಕೊಂಡು ನಮ್ಮ ಹುಡುಗರು ಮೋಟಾರ್ ಸೈಕಲ್ ಏರಿ ಬೆಟ್ಟಕ್ಕೆ ಹೊರಡುತ್ತಾರಲ್ಲ, ಆ ವಿಷಯವಾಗಿ ನಮ್ಮ ಸಂಘದ ಬಂಧುಗಳಿಗೆ ನಾಲ್ಕು ಮಾತು ಹೇಳಬೇಕಾಗಿದೆ.

ನನ್ನ ತಂಗಿಯ ಮನೆ ತಿರುವನಂತಪುರದಲ್ಲಿ. ಅವಳ ಮಗ ಉದ್ಯೋಗದ ನಿಮಿತ್ತ ಕೊಚ್ಚಿಗೆ ಬಂದು ನಮ್ಮಲ್ಲಿಯೇ ಉಳಿದಿದ್ದಾನೆ. ಅವನು ಬೆಟ್ಟದ ಸವಾರಿ ಕಲಿತದ್ದು ಪೊನ್ಮುಡಿಯ ದಾರಿಯಲ್ಲಿ. ನೆಡುಮಂಗಾಡು, ವಿತುರ, ಕಲ್ಲಾರ್ ದಾಟಿ 22 ಹೇರ್‌ಪಿನ್ ತಿರುವುಗಳನ್ನೇರಿದರೆ ಪೊನ್ಮುಡಿ. ಎತ್ತರ ಸುಮಾರು 1,100 ಮೀಟರ್. ಅಲ್ಲಿ ಮಂಜು ಮುಸುಕುತ್ತದೆ, ತಂಗಾಳಿ ಬೀಸುತ್ತದೆ, ಬಿಸಿ ಚಹಾ ರುಚಿಸುತ್ತದೆ. ಆದರೆ ಚಳಿ ಎಲುಬಿಗೆ ಇಳಿಯುವುದಿಲ್ಲ. ಎರಡು ವರ್ಷದ ಹಿಂದೆ, ಕ್ರಿಸ್‌ಮಸ್ ರಜೆಯಲ್ಲಿ ಗೆಳೆಯನೊಡನೆ ಮುನ್ನಾರಿಗೆ ಹೊರಟಾಗ ಅವನ ಕಾಲಲ್ಲಿದ್ದುದು ತೆಳ್ಳನೆಯ ಕ್ಯಾನ್‌ವಾಸ್ ಶೂ. "ಕಾಲಿಗೆ ಇನ್ನೇನಾದರೂ ಹಾಕಿಕೊಳ್ಳಬಾರದೇನೋ?" ಎಂದೆ. "ಪೊನ್ಮುಡಿಗೆ ಎಷ್ಟು ಸಲ ಹೋಗಿಲ್ಲ ಮಾವ? ಇದೂ ಅಂಥದೇ ಒಂದು ಗುಡ್ಡ" ಎಂದು ನಕ್ಕು ಹೊರಟ.

ಅದು ಅಂಥದೇ ಗುಡ್ಡವಲ್ಲ. ಕೊಚ್ಚಿಯಿಂದ ಮುನ್ನಾರಿಗೆ ಸುಮಾರು 130 ಕಿಲೋಮೀಟರು. ಕೋದಮಂಗಲಂ ದಾಟಿ, ನೇರ್ಯಮಂಗಲದಲ್ಲಿ 1935ರಲ್ಲಿ ತೆರೆದ ಹಳೆಯ ಕಮಾನು ಸೇತುವೆಯ ಬಳಿ ಪೆರಿಯಾರ್ ನದಿಯನ್ನು ದಾಟಿದ ಮೇಲೆ ಘಟ್ಟ ಆರಂಭವಾಗುತ್ತದೆ. ಚೀಯಪ್ಪಾರ, ವಾಳರ ಜಲಪಾತಗಳನ್ನು ನೋಡುತ್ತ ಅಡಿಮಾಲಿ ಕಳೆದು ಮುನ್ನಾರ್ ತಲುಪುವ ವೇಳೆಗೆ ನಾವು ಕಡಲ ಮಟ್ಟದಿಂದ 1,500 ಮೀಟರಿಗೂ ಮೇಲಿರುತ್ತೇವೆ. ಸಾವಿರ ಮೀಟರು ಏರಿದಂತೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂಬುದು ಶಾಲೆಯ ಪಾಠ. ಪಾಠದಲ್ಲಿಲ್ಲದ ಸಂಗತಿ ಇನ್ನೊಂದಿದೆ. ಮೋಡವಿಲ್ಲದ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಚಹಾ ತೋಟದ ಕಣಿವೆಗಳಿಗೆ ಜಾರಿ ಅಲ್ಲಿಯೇ ನಿಲ್ಲುತ್ತದೆ; ಬೆಳಗಾಗುವಾಗ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬಿಳಿಯ ಹಾಸಾಗಿರುತ್ತದೆ. 2019ರ ಜನವರಿಯಲ್ಲಿ ಅಲ್ಲಿನ ಕೆಲವು ತೋಟಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಿತ್ತು.

ಇದಕ್ಕೆ ಸವಾರಿಯ ಗಾಳಿಯನ್ನು ಕೂಡಿಸಿಕೊಳ್ಳಿ. ಐದು ಡಿಗ್ರಿಯ ಹವೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವವನ ಬರಿಯ ಚರ್ಮಕ್ಕೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿನ ಚಳಿ ತಟ್ಟಿದಂತಾಗುತ್ತದೆಂದು ಹವಾಮಾನದವರ ಲೆಕ್ಕ. ಆಗ ಶರೀರ ತನ್ನ ಜಾಣತನ ತೋರಿಸುತ್ತದೆ. ಎದೆ, ಹೊಟ್ಟೆಗಳನ್ನು ಬೆಚ್ಚಗಿಡಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ತಾಯಿ ತನ್ನ ಪಾಲನ್ನು ಮೊದಲು ತಗ್ಗಿಸಿಕೊಳ್ಳುವ ಹಾಗೆ, ಇಲ್ಲಿ ಮೊದಲು ಉಪವಾಸ ಬೀಳುವುದು ಕಾಲ್ಬೆರಳುಗಳು.

ಕಾಲು ಮರಗಟ್ಟಿದರೇನಾಯಿತು, ಬಿಸಿಲು ಬಂದರೆ ಸರಿಹೋಗುತ್ತದೆ ಎಂದು ನಡೆದು ಹೋಗುವವನು ಅಂದುಕೊಂಡರೆ ತಪ್ಪಿಲ್ಲ. ಬೈಕಿನ ಸವಾರನಿಗೆ ಕಾಲೂ ಒಂದು ಕೈ. ಈಗಿನ ನಮ್ಮ ಬೈಕುಗಳಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು. ಕಣ್ಣು ರಸ್ತೆಯ ಮೇಲಿರುವಾಗ ಆ ಬ್ರೇಕು ಎಲ್ಲಿದೆ, ಎಷ್ಟು ಅದುಮಿದೆ ಎಂಬುದನ್ನು ಹೇಳಬೇಕಾದುದು ಪಾದದ ಸ್ಪರ್ಶ.

ನನ್ನ ಅಳಿಯನಿಗೆ ಕೈಕೊಟ್ಟದ್ದು ಆ ಸ್ಪರ್ಶವೇ. ಸೂರ್ಯೋದಯ ನೋಡಬೇಕೆಂದು ಇಬ್ಬರೂ ಬೆಳಗಿನ ಐದೂವರೆಗೆ ಮುನ್ನಾರಿನಿಂದ ಕುಂಡಳದ ಕಡೆಗೆ ಹೊರಟರು. ದಾರಿಯಲ್ಲಿ ಇಳಿದು ಬಿಳಿಯ ಹುಲ್ಲಿನ ಮೇಲೆ ಓಡಾಡಿ ಫೋಟೋ ತೆಗೆದರು. ಶೂ ನೆನೆಯಿತು. ಮರಳಿ ಬರುವಾಗ ಒಂದು ಇಳಿಜಾರಿನ ತಿರುವಿನಲ್ಲಿ ಅವನು ಬಲಗಾಲು ಅದುಮಿದ, ಬೈಕು ನಿಧಾನವಾಗಲಿಲ್ಲ. ಅವನು ಅದುಮಿದ್ದು ಬ್ರೇಕನ್ನಲ್ಲ, ಕಾಲಿಡುವ ಕಂಬಿಯನ್ನು. ಅದು ಅವನಿಗೆ ತಿಳಿಯಲೇ ಇಲ್ಲ. ಗಾಬರಿಯಿಂದ ಮುಂದಿನ ಬ್ರೇಕನ್ನು ಬಿಗಿಹಿಡಿದ. ಒದ್ದೆ ಜಲ್ಲಿಯ ಮೇಲೆ ಮುಂಗಾಲಿ ಜಾರಿ ಬೈಕು ಅವನ ಬಲಗಾಲಿನ ಮೇಲೆಯೇ ಮಗುಚಿತು. ವೇಗ ಹೆಚ್ಚಿರಲಿಲ್ಲ, ತಲೆಗೆ ಹೆಲ್ಮೆಟ್ ಇತ್ತು. ಆದರೆ ಹರಡಿನ ಎಲುಬು, ಎಂದರೆ ಪಾದದ ಮೇಲಿನ ಗಂಟು, ಮುರಿಯಿತು. ಆರು ವಾರ ಪ್ಲಾಸ್ಟರು. ತಿರುವನಂತಪುರದಿಂದ ರಾತ್ರಿಯ ರೈಲಿಗೆ ಬಂದಿಳಿದ ತಂಗಿ ನನ್ನನ್ನು ಕೇಳಿದ್ದು ಒಂದೇ ಮಾತು: "ಅಣ್ಣ, ಆ ಶೂ ಹಾಕಿಕೊಂಡು ಹೊರಟಾಗ ನೀನು ನೋಡಲಿಲ್ಲವಾ?" ನೋಡಿದ್ದೆ. ಗಟ್ಟಿಯಾಗಿ ಹೇಳಿರಲಿಲ್ಲ.

ಅಂದಿನಿಂದ ಬೂಟುಗಳ ವಿಷಯವನ್ನು ಕೊಂಚ ಶ್ರದ್ಧೆಯಿಂದ ತಿಳಿದುಕೊಂಡೆ. ಒಂದೇ ಬೂಟು ಮೂರು ಕೆಲಸ ಮಾಡಬೇಕು: ಬಿದ್ದರೆ ಎಲುಬು ಕಾಯಬೇಕು, ನೀರು ತಡೆಯಬೇಕು, ಬೆಚ್ಚಗಿಡಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಬೂಟುಗಳು ಇವುಗಳಲ್ಲಿ ಒಂದೆರಡನ್ನು ಮಾತ್ರ ಮಾಡುತ್ತವೆ. ಗಂಬೂಟು ನೀರು ತಡೆದೀತು, ಆದರೆ ಒಳಗಿನ ಬೆವರು ಹೊರಗೆ ಹೋಗಲಾರದು. ಬಿದ್ದಾಗ ಸಡಿಲವಾಗಿ ಕಳಚಿಯೂ ಹೋದೀತು. ಕಾರ್ಖಾನೆಯ ಸೇಫ್ಟಿ ಶೂವಿನ ಉಕ್ಕಿನ ಟೋಪಿ ಬೆರಳುಗಳನ್ನು ಕಾಯುತ್ತದೆ, ಹರಡನ್ನಲ್ಲ. ಅದರ ದಪ್ಪ ಮೂತಿ ಗೇರಿನ ಕೆಳಗೆ ತೂರುವುದೂ ಕಷ್ಟ. ಚಾರಣದ ಬೂಟು ನಡೆಯಲು ಸೊಗಸು, ಆದರೆ ಬೈಕು ಮೇಲೆ ಬಿದ್ದರೆ ತಡೆಯಲೆಂದು ಮಾಡಿದ್ದಲ್ಲ.

ಹುಡುಗರ ಕಣ್ಣು ರೇಸಿನ ಬೂಟಿನ ಮೇಲಿರುತ್ತದೆ. ತಪ್ಪೇನಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ದಾರಿ ಬೊಲಿವಿಯಾದಲ್ಲಿ ಸುಮಾರು 3,650 ಮೀಟರ್ ಎತ್ತರದ ಉಯುನಿ ಉಪ್ಪಿನ ಬಯಲನ್ನು ಹಾಯ್ದಿತ್ತು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಅದೇ ರ್ಯಾಲಿಯನ್ನು ಮುಗಿಸಿದರು. ನಮ್ಮ ಈ ಕೇರಳದ ಶೊರನೂರಿನ ಹರಿತ್ ನೋವಾ 2024ರಲ್ಲಿ ಒಟ್ಟಾರೆ 11ನೆಯ ಸ್ಥಾನ ಪಡೆದು, ರ್ಯಾಲಿ-2 ವರ್ಗದಲ್ಲಿ ಮೊದಲಿಗರಾದರು. ಇಂಥವರು ತೊಡುವ ಮೊಣಕಾಲಿನವರೆಗಿನ ಬೂಟಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಫಲಕಗಳೂ ಬಕಲುಗಳೂ ಇರುತ್ತವೆ. ಏಟು ತಡೆಯಲು ಅದಕ್ಕೆ ಸಾಟಿಯಿಲ್ಲ. ಆದರೆ ಅಂಥವುಗಳಲ್ಲಿ ಬಹಳಷ್ಟು ನೀರು ತಡೆಯುವುದಿಲ್ಲ, ನಡೆಯಲು ತೊಡಕು. ಮುನ್ನಾರಿಗೆ ಹೋಗಿ ಚಹಾ ಕುಡಿದು ಬರುವವರಿಗೆ ಬೇಕಾದುದು ಪ್ರವಾಸದ ಸವಾರರಿಗೆಂದೇ ಮಾಡಿದ, ಮೀನಖಂಡದ ಅರ್ಧದವರೆಗಾದರೂ ಬರುವ ಬೂಟು.

ಕೊಳ್ಳುವಾಗ ಏನು ನೋಡಬೇಕು? ಮೊದಲು ಒಳಗಿನ ಚೀಟಿ ನೋಡಿ. ಮೋಟಾರ್ ಸೈಕಲ್ ಸವಾರರ ಪಾದರಕ್ಷೆಗೆ ಯುರೋಪಿನವರು ಮಾಡಿದ ಮಾನದಂಡದ ಹೆಸರು ಇಎನ್ 13634. ಅದರೊಡನೆ 1 ಅಥವಾ 2 ಎಂಬ ನಾಲ್ಕು ಅಂಕಿಗಳಿರುತ್ತವೆ: ಬೂಟಿನ ಎತ್ತರ, ರಸ್ತೆಯ ತಿಕ್ಕಾಟ ತಾಳುವ ಶಕ್ತಿ, ಹರಿತವಾದುದು ತಾಗಿದರೆ ಹರಿಯದಿರುವ ಗುಣ, ಅಡ್ಡಕ್ಕೆ ಅದುಮಿದರೆ ಜಜ್ಜಿಹೋಗದ ಬಿಗಿ. 2 ಇದ್ದರೆ ಹೆಚ್ಚಿನ ರಕ್ಷಣೆ. ಡಬ್ಲ್ಯೂಆರ್ ಎಂದಿದ್ದರೆ ನೀರಿನ ಪರೀಕ್ಷೆಯೂ ಆಗಿದೆ ಎಂದರ್ಥ.

ಚೀಟಿ ಓದಿದ ಮೇಲೆ ಕೈಯಿಂದ ಪರೀಕ್ಷಿಸಿ. ಮೂತಿಯನ್ನೂ ಹಿಮ್ಮಡಿಯನ್ನೂ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಅಲ್ಲಿಯೇ ಬಿಟ್ಟುಬಿಡಿ. ಹರಡಿನ ಎರಡು ಬದಿಯಲ್ಲೂ ಗಟ್ಟಿ ಫಲಕವಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಜೋತಾಡುವ ಲೇಸು ಬೇಡ; ಗೇರಿಗೆ ಸಿಕ್ಕಿಕೊಂಡರೆ ನಿಲ್ಲುವಾಗ ಕಾಲು ನೆಲಕ್ಕೆ ಬಾರದು. ಲೇಸಿದ್ದರೂ ಅದನ್ನು ಮುಚ್ಚುವ ಪಟ್ಟಿಯಿರಲಿ.

ಅಳತೆಯ ವಿಷಯದಲ್ಲಿ ನಮ್ಮ ಹಿರಿಯರ ಮಾತು ತಿರುವುಮುರುವಾಗುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದರು ಅವರು. ಇಲ್ಲಿ ಕಾಲು ಚಾಚುವಷ್ಟು ಬೂಟು ಬೇಕು. ದಿನದ ಓಡಾಟದಿಂದ ಪಾದ ಕೊಂಚ ಊದಿರುವ ಸಂಜೆಯ ಹೊತ್ತು, ಚಳಿಗೆ ಹಾಕುವ ದಪ್ಪ ಕಾಲುಚೀಲ ತೊಟ್ಟು ಅಳತೆ ನೋಡಿ. ಬೆರಳುಗಳು ಒಳಗೆ ಆಡಬೇಕು, ಹಿಮ್ಮಡಿ ಮೇಲೇಳಬಾರದು. ಬೆಚ್ಚಗಿಡುವುದು ಚರ್ಮವೂ ಅಲ್ಲ, ಉಣ್ಣೆಯೂ ಅಲ್ಲ. ಅವುಗಳ ನಡುವೆ ಸಿಕ್ಕಿಕೊಂಡ ಅಲ್ಲಾಡದ ಗಾಳಿ. ಬಿಗಿ ಬೂಟಿನಲ್ಲಿ ಎರಡೆರಡು ಕಾಲುಚೀಲ ತುರುಕಿದರೆ ಆ ಗಾಳಿಗೂ ಜಾಗವಿಲ್ಲ, ರಕ್ತಕ್ಕೂ ದಾರಿಯಿಲ್ಲ. ಹತ್ತಿಯ ಕಾಲುಚೀಲ ಊರಿನ ಸೆಕೆಗೆ ಹಿತ; ಬೆಟ್ಟಕ್ಕೆ ಉಣ್ಣೆಯದೋ ಉಣ್ಣೆ ಬೆರೆತದ್ದೋ ಇರಲಿ. ಹತ್ತಿ ಬೆವರನ್ನು ಹೀರಿ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ನೀರಾದರೋ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಸೆಕೆಯ ಕೊಚ್ಚಿಯಿಂದಲೇ ದಪ್ಪ ಕಾಲುಚೀಲ ತೊಟ್ಟು ಹೊರಟರೆ ಅಡಿಮಾಲಿಯ ಹೊತ್ತಿಗೆ ಅದು ಒದ್ದೆ. ತೆಳುವಾದುದನ್ನು ತೊಟ್ಟು ಹೊರಟು ಅಡಿಮಾಲಿಯಲ್ಲಿ ಚಹಾಕ್ಕೆ ನಿಂತಾಗ ಒಣಗಿದ ಉಣ್ಣೆಯ ಜೊತೆಯನ್ನು ಬದಲಾಯಿಸಿಕೊಳ್ಳುವುದೇ ಸರಿಯಾದ ಕ್ರಮ.

ಪೊನ್ಮುಡಿಗೆ ಹೋಗುವ ತಿರುವನಂತಪುರದವರಿಗೆ ಇಷ್ಟು ಉಣ್ಣೆಯ ಅಗತ್ಯವಿಲ್ಲ. ಅವರ ಶತ್ರು ನೀರು. ತುಲಾವರ್ಷದ ಮಳೆ ಅಲ್ಲಿ ಡಿಸೆಂಬರಿನವರೆಗೂ ಇಣುಕುವುದುಂಟು. ಬೂಟಿನ ಒಳಪದರ ನೀರಿನ ಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವಂಥದಾಗಿದ್ದರೆ ಒಳ್ಳೆಯದು. ಮಳೆಯ ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಹೊರಗೆ ಇಳಿಬಿಡಿ. ಇಲ್ಲವಾದರೆ ಅತ್ಯುತ್ತಮ ಬೂಟೂ ಮೇಲಿನಿಂದ ತುಂಬುವ ಕೊಡವಾದೀತು.

ಹಿಂದೆ ಕೂರುವವರನ್ನು ಮರೆಯುವುದು ನಮ್ಮ ವಾಡಿಕೆ. ಸವಾರನ ಕಾಲಾದರೂ ಆಡುತ್ತಿರುತ್ತದೆ. ಹಿಂದಿನವರ ಕಾಲು ಸುಮ್ಮನಿರುವುದರಿಂದ ಬೇಗ ತಣ್ಣಗಾಗುತ್ತದೆ. ಹೆಂಗಸರು ಸೀರೆ, ಚಪ್ಪಲಿಯಲ್ಲಿ ಬೆಟ್ಟಕ್ಕೆ ಹೊರಡುವುದು ಬೇಡ. ಹಿಂಗಾಲಿಯ ಸೀರೆ ಗಾರ್ಡನ್ನು ಅಂದಕ್ಕಾಗಿ ಕಿತ್ತುಹಾಕುವ ಹುಡುಗರಿಗೆ ಅದು ಕಾನೂನಿನ ಪ್ರಕಾರ ಇರಲೇಬೇಕೆಂದು ತಿಳಿಹೇಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರಿಗೆ ಕಾಲು ತಣ್ಣಗಾದುದೂ ತಿಳಿಯದು. ಅವರು ಪದೇಪದೇ ನಿಂತು ಕಾಲು ನೋಡಿಕೊಳ್ಳಬೇಕು. ಯಾರದೇ ಆಗಲಿ, ಬೆರಳು ಮರಗಟ್ಟಿದರೆ ಬೈಕು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ಒಣಗಿದ ಕಾಲುಚೀಲ ಹಾಕಿ, ಬಿಸಿಯಾದುದೇನಾದರೂ ಕುಡಿಯಿರಿ. ಬೆಂಕಿಗೆ ಒಡ್ಡಬೇಡಿ, ಕುದಿನೀರು ಹಾಕಬೇಡಿ; ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಕೊನೆಯದಾಗಿ, ಕಪಾಟಿನಲ್ಲಿಟ್ಟ ಬೂಟಿನ ಮಾತು. ಬೆಂಗಳೂರಿನಲ್ಲಿ ಕೊಂಡು ಆರೇಳು ವರ್ಷ ಜೋಪಾನವಾಗಿ ಇಟ್ಟಿದ್ದ ನನ್ನ ಬೂಟನ್ನೇ ಅಳಿಯನಿಗೆ ಕೊಡೋಣವೆಂದು ತೆಗೆದರೆ ಅಟ್ಟೆ ಹಳೆಯ ರಸ್ಕಿನಂತೆ ಪುಡಿಯಾಯಿತು. ಪಾಲಿಯುರಥೇನ್ ಎಂಬ ವಸ್ತುವಿನ ಅಟ್ಟೆಯನ್ನು ಗಾಳಿಯ ತೇವವೇ ಒಳಗಿನಿಂದ ಒಡೆಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ತೇವಕ್ಕೇನು ಬರ? ಆದುದರಿಂದ ಹೊರಡುವ ಮುನ್ನ ಹಳೆಯ ಬೂಟಿನ ಅಟ್ಟೆಯನ್ನು ಬಗ್ಗಿಸಿ, ಉಗುರಿನಿಂದ ಗೀರಿ ನೋಡಿ. ನೆನೆದ ಬೂಟಿಗೆ ಹಳೆಯ ಪತ್ರಿಕೆಯ ಹಾಳೆ ತುಂಬಿ ನೆರಳಿನಲ್ಲಿ ಒಣಗಿಸಿ. ಬೂಸ್ಟು ಹಿಡಿಯದಂತೆ ಚರ್ಮವನ್ನು ಆಗಾಗ ಒರೆಸಿ ಪಾಲಿಶ್ ಹಾಕಿ, ಗಾಳಿಯಾಡುವಲ್ಲಿಡಿ.

ಕಳೆದ ಡಿಸೆಂಬರಿನಲ್ಲಿ ಅಳಿಯ ಮತ್ತೆ ಮುನ್ನಾರಿನ ಹೆಸರೆತ್ತಿದ. ತಂಗಿ ಬೇಡವೆಂದಳು, ನಾನು ನಡುವೆ ಬಿದ್ದೆ. ಅವನ ಸಂಬಳ, ನನ್ನದೊಂದು ಪಾಲು ಸೇರಿಸಿ ಎರ್ನಾಕುಲಂನಲ್ಲಿ ಒಂದು ಸಂಜೆಯೆಲ್ಲ ಅಲೆದು ಬೂಟು ಕೊಂಡೆವು. ಬೆಲೆ ಕೇಳಿ ನನ್ನ ಮನೆಯವಳು ಹುಬ್ಬೇರಿಸಿದಳು; ಆಸ್ಪತ್ರೆಯ ಬಿಲ್ಲನ್ನು ನೆನಪಿಸಿದ ಮೇಲೆ ಸುಮ್ಮನಾದಳು. ಈ ಸಲ ಅವನು ಬೆಳಗಿನ ಎಂಟಕ್ಕೆ ಮೊದಲು ಬೈಕು ಹೊರಗೆ ತೆಗೆಯುವುದಿಲ್ಲವೆಂದು ಮಾತು ಕೊಟ್ಟು ಹೋದ.

ಭಾನುವಾರ ಸಂಜೆ ಮರಳಿ ಬಂದಾಗ ತಂಗಿ ನಮ್ಮ ಮನೆಯಲ್ಲೇ ಇದ್ದಳು. ಅವನು ಬೂಟು ಕಳಚಿ ನಮ್ಮೆಲ್ಲರ ಹವಾಯಿ ಚಪ್ಪಲಿಗಳ ಪಕ್ಕದಲ್ಲಿಟ್ಟು ಒಳಗೆ ಹೋದ. ಯಾರೂ ನೋಡುತ್ತಿಲ್ಲವೆಂದುಕೊಂಡು ಅವಳು ಬಗ್ಗಿ ಆ ಬೂಟಿನೊಳಗೆ ಕೈ ಹಾಕಿ ನೋಡಿದಳು. "ಒದ್ದೆಯಾಗಿಲ್ಲ, ಅಣ್ಣ" ಎಂದು ನನಗೆ ಹೇಳಿ, ಕಾಫಿಗೆ ನೀರಿಡಲು ಒಳಗೆ ನಡೆದಳು.