ರದ್ದಾದ ಆರ್ಡರಿನ ಲೆಕ್ಕ

ಗಾರ್ಮೆಂಟ್ಸ್ ರಫ್ತಿನಲ್ಲಿ ಸಾಮಾನ್ಯವಾಗಿ ದುಡ್ಡು ಕೈಗೆ ಬರುವುದು ಮಾಲು ಹಡಗು ಹತ್ತಿದ ಮೇಲೆ, ಎಷ್ಟೋ ಸಲ ಅದಾಗಿ ಎರಡು ಮೂರು ತಿಂಗಳಿಗೆ. ಬಟ್ಟೆ, ದಾರ, ಗುಂಡಿ, ಜಿಪ್ಪು ಎಲ್ಲವನ್ನೂ ಅಲ್ಲಿಯತನಕ ಫ್ಯಾಕ್ಟರಿಯವರೇ ಸಾಲ ಮಾಡಿ ತರಬೇಕು. ಬೊಮ್ಮನಹಳ್ಳಿಯ ಅಂಥದೊಂದು ಫ್ಯಾಕ್ಟರಿಯ ಲೆಕ್ಕ ಬರೆಯುತ್ತಿದ್ದವನು ನಾನು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಯುರೋಪಿನ ಅಂಗಡಿಗಳು ಬಾಗಿಲು ಹಾಕಿದವು, ನಮ್ಮ ಆರ್ಡರ್ ರದ್ದಾಯಿತು. ಕಟಿಂಗ್ ಆಗಲೇ ಮುಗಿದಿತ್ತು, ಬಂಡಲ್‌ಗಳು ಲೈನಿಗೆ ಬಂದಿದ್ದವು. ಕೊಳ್ಳುವವರ ಅಳತೆ, ಅವರದೇ ಲೇಬಲ್ಲು, ಇನ್ನೊಬ್ಬರಿಗೆ ಮಾರುವಂತಿಲ್ಲ. ಕರಾರಿನಲ್ಲಿ ‘ಕೈಮೀರಿದ ಸಂದರ್ಭ’ದ ಕಲಮು ಇತ್ತು. ಪರಿಸ್ಥಿತಿ ಕೈಮೀರಿದ್ದು ಇಬ್ಬರಿಗೂ, ಕಲಮು ಒದಗಿದ್ದು ಕೊಳ್ಳುವವರಿಗೆ ಮಾತ್ರ. ಬಾಂಗ್ಲಾದೇಶದಲ್ಲಿ ಹೀಗೆ ರದ್ದಾದ, ತಡೆಹಿಡಿದ ಆರ್ಡರುಗಳ ಮೊತ್ತ 300 ಕೋಟಿ ಡಾಲರ್ ದಾಟಿತೆಂದು ಅಲ್ಲಿನ ಉಡುಪು ರಫ್ತುದಾರರ ಸಂಘವೇ ಹೇಳಿತು.

ಅಂಗಡಿ ಮುಚ್ಚಿದ ದೇಶಗಳಿಗೂ ನಷ್ಟವಾಯಿತು. ಆದರೆ ಆ ನಷ್ಟ ತಡೆದುಕೊಳ್ಳಲು ಅಲ್ಲಿನ ಸರ್ಕಾರಗಳ ಬಳಿ ದುಡ್ಡಿತ್ತು. ಅಮೆರಿಕದಲ್ಲಿ ಮೊದಲ ಕಂತಿನಲ್ಲೇ ವಯಸ್ಕರಿಗೆ ತಲಾ 1,200 ಡಾಲರ್‌ವರೆಗೆ ಕೊಟ್ಟರು, ಆಗಿನ ದರದಲ್ಲಿ ಸುಮಾರು 90 ಸಾವಿರ ರೂಪಾಯಿ. ಜನಧನ್ ಖಾತೆಯಿದ್ದ ನಮ್ಮ ಹೊಲಿಗೆಯ ಹೆಣ್ಣುಮಕ್ಕಳಿಗೆ ಬಂದದ್ದು ತಿಂಗಳಿಗೆ 500ರಂತೆ ಮೂರು ತಿಂಗಳು. ಜೊತೆಗೆ ರೇಷನ್ನು.

ಹಾಗೆ ಕೊಡಲು ಅಮೆರಿಕ ಸಾಲ ಎತ್ತುವುದು ತನ್ನದೇ ಡಾಲರಿನಲ್ಲಿ, ಬಡ್ಡಿಯೂ ಆಗ ತೀರಾ ಕಮ್ಮಿ. ಆಫ್ರಿಕಾದ ಜಾಂಬಿಯಾಕ್ಕೆ ಆ ಭಾಗ್ಯವಿಲ್ಲ. ಅದು ತಾಮ್ರ ಮಾರಿ ಬದುಕುವ ದೇಶ, ಸಾಲವೋ ಡಾಲರಿನದು. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರಿನ ಒಂದು ಬಡ್ಡಿ ಕಂತು ಕಟ್ಟಲಾಗದೆ ಅದು ಸುಸ್ತಿದಾರನಾಯಿತು.

ಇಷ್ಟಾದರೂ ಆ ವರ್ಷ ದೇಶದೇಶಗಳ ನಡುವಿನ ವರಮಾನದ ಅಂತರ ಹೆಚ್ಚಿತೇ ಎಂದರೆ ಉತ್ತರ ಸಲೀಸಲ್ಲ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಲೆಕ್ಕ ಹಾಕಿ ನೋಡಿದರು. ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲ ದೇಶವನ್ನೂ ಒಂದೊಂದಾಗಿ ಎಣಿಸಿದರೆ ಅಂತರ ಇಳಿದಿತ್ತು. ಏಕೆಂದರೆ ಕೊರೋನಾ ಸಾವು ಹೆಚ್ಚಾದದ್ದು ಶ್ರೀಮಂತ ದೇಶಗಳಲ್ಲಿ, ತಲಾ ವರಮಾನ ಹೆಚ್ಚು ಕುಸಿದದ್ದೂ ಅಲ್ಲೇ. ಜನಸಂಖ್ಯೆಗೆ ತಕ್ಕಂತೆ ತೂಗಿದರೆ ಮಾತ್ರ ಅಂತರ ಏರಿತ್ತು. ಅದಕ್ಕೆ ಮುಖ್ಯ ಕಾರಣ ನಾವೇ! ಲಾಕ್‌ಡೌನಿನ ಏಪ್ರಿಲ್–ಜೂನ್‌ನಲ್ಲಿ ಭಾರತದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಕುಸಿದಿತ್ತು. ನೂರಾಮೂವತ್ತು ಕೋಟಿ ಜನರನ್ನು ಒಂದು ಪುಟ್ಟ ದ್ವೀಪದಷ್ಟೇ ಎಂದು ಎಣಿಸುವ ಮೊದಲ ಲೆಕ್ಕ ನನಗೇನೋ ಒಪ್ಪಿಗೆಯಾಗುವುದಿಲ್ಲ. ಅದೇ ವರ್ಷ ಚೀನಾ ಬೆಳೆಯಿತು ನಿಜ. ಆದರೆ ಅದೀಗ ಬಡದೇಶಗಳ ಸಾಲಿನಲ್ಲಿಲ್ಲ, ಅದರ ಏರಿಕೆ ನಮ್ಮ ಇಳಿತವನ್ನು ಸರಿದೂಗಿಸಲಿಲ್ಲ.